ಅಕ್ವೇರಿಯಂನಲ್ಲಿ ಹೇಳದೆ ಕೇಳದೆ ಮರಿ ಹುಟ್ಟಿದರೆ ಏನು ಮಾಡಬೇಕು

ಟ್ಯಾಂಕಿನ ಲೈಟ್ ಹಾಕಿದಾಗ ಗಿಡದ ಸಂದಿಯಲ್ಲಿ ಬರೀ ಎರಡು ಕಣ್ಣು ಕಾಣುವಂಥ ಪುಟ್ಟ ಮರಿಗಳು ಓಡಾಡುತ್ತಿವೆಯಾ? ಮೊದಲು ಫಿಲ್ಟರ್ ಆಫ್ ಮಾಡಿ. ಬಲೆ ಹುಡುಕುವುದು, ಫೋಟೋ ತೆಗೆಯುವುದು, ಮನೆಯವರನ್ನು ಕರೆಯುವುದು ಎಲ್ಲ ಆಮೇಲೆ. ಆರೇಳು ಮಿಲಿಮೀಟರ್ ಉದ್ದದ ಮರಿಗೆ ಪವರ್ ಫಿಲ್ಟರಿನ ಸೆಳೆತ ತಡೆಯಲು ಆಗುವುದಿಲ್ಲ. ಫಿಲ್ಟರ್ ನೀರು ಎಳೆಯುವ ಬಾಯಿಗೆ ಒಂದು ತುಂಡು ಸ್ಪಾಂಜ್ ಕಟ್ಟಿ, ರಬ್ಬರ್ ಬ್ಯಾಂಡ್ ಹಾಕಿ, ಮತ್ತೆ ಆನ್ ಮಾಡಿ. ಗಂಟೆಗಟ್ಟಲೆ ನಿಲ್ಲಿಸಿ ಇಡಬೇಡಿ, ನೀರನ್ನು ಶುದ್ಧ ಮಾಡುವ ಬ್ಯಾಕ್ಟೀರಿಯಾ ಇರುವುದು ಆ ಫಿಲ್ಟರಿನ ಒಳಗೇ.

ನಮ್ಮ ಮನೆಗಳಲ್ಲಿ ಹೀಗೆ ಮರಿ ಕಂಡರೆ ಹೆಚ್ಚಾಗಿ ಅದು ಗಪ್ಪಿ, ಮೋಲಿ, ಪ್ಲಾಟಿ ಅಥವಾ ಸ್ವೋರ್ಡ್‌ಟೇಲ್. ಇವು ನಾಲ್ಕೂ ಮೊಟ್ಟೆ ಇಡುವುದಿಲ್ಲ, ಈಜುವ ಮರಿಯನ್ನೇ ಹಾಕುತ್ತವೆ. "ನಾನು ತಂದದ್ದು ಒಂದೇ ಒಂದು ಹೆಣ್ಣು, ಗಂಡೇ ಇಲ್ಲ, ಮರಿ ಹೇಗೆ ಬಂತು" ಎಂದು ತುಂಬ ಜನ ಕೇಳುತ್ತಾರೆ. ಅಂಗಡಿಯ ಟ್ಯಾಂಕಿನಲ್ಲಿ ಗಂಡು ಹೆಣ್ಣು ಒಟ್ಟಿಗೇ ಇರುತ್ತವೆ ಅಲ್ವಾ, ಅಲ್ಲಿ ಒಮ್ಮೆ ಕೂಡಿದರೆ ಸಾಕು. ಹೆಣ್ಣು ಗಪ್ಪಿ ಆ ವೀರ್ಯವನ್ನು ಹೊಟ್ಟೆಯೊಳಗೆ ತಿಂಗಳುಗಟ್ಟಲೆ ಇಟ್ಟುಕೊಂಡು, ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತಲೇ ಇರಬಲ್ಲದು. ಅಂದರೆ ಈಗ ಕಂಡದ್ದು ಕೊನೆಯದಲ್ಲ, ಮುಂದಿನ ತಿಂಗಳಿಗೂ ತಯಾರಿ ಬೇಕು. ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ, ಕೆಳ ರೆಕ್ಕೆಯ ಹತ್ತಿರ ಒಂದು ಕಪ್ಪು ಕಲೆ ಇರುತ್ತದೆ, ಅದು ದಟ್ಟವಾಗಿ ಹೊಟ್ಟೆ ಚೌಕವಾದಂತೆ ಕಂಡರೆ ದಿನ ಹತ್ತಿರ ಬಂತು ಎಂದು ತಿಳಿಯಿರಿ.

ಮೊಟ್ಟೆಯಿಂದ ಬಂದ ಮರಿಯಾದರೆ, ಉದಾಹರಣೆಗೆ ಗೋಲ್ಡ್‌ಫಿಶ್ ಅಥವಾ ಏಂಜೆಲ್, ಅದು ಕೂದಲೆಳೆಯಷ್ಟು ಸಪೂರ ಇರುತ್ತದೆ, ಮೊದಲು ಎಲೆಗೋ ಗಾಜಿಗೋ ಅಂಟಿಕೊಂಡಿರುತ್ತದೆ. ಹೊಟ್ಟೆಯಲ್ಲಿರುವ ಹಳದಿ ಚೀಲ ಕರಗಿ ಅದು ತಾನೇ ಈಜುವವರೆಗೆ ಆಹಾರ ಹಾಕಬೇಡಿ.

ಈಗ ಒಂದು ವಿಷಯ ತೀರ್ಮಾನ ಮಾಡಿ. ಎಲ್ಲವನ್ನೂ ಉಳಿಸಬೇಕಾ? ಬೆಳೆದ ಹೆಣ್ಣು ಒಂದೇ ಸಲಕ್ಕೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಐವತ್ತಕ್ಕಿಂತ ಜಾಸ್ತಿ ಮರಿ ಹಾಕುತ್ತದೆ. ಎರಡಡಿ ಟ್ಯಾಂಕಿನಲ್ಲಿ ಅಷ್ಟೂ ಬೆಳೆದರೆ ಅಮ್ಮನೂ ಸೇರಿ ಎಲ್ಲವೂ ಕಷ್ಟಪಡುತ್ತವೆ. ಜಾಗ ಇಲ್ಲದಿದ್ದರೆ ಪಾಚಿ ಗಿಡ, ಜಾವಾ ಮಾಸ್, ಹಾರ್ನ್‌ವರ್ಟ್ ದಟ್ಟವಾಗಿ ಬಿಟ್ಟು ಸುಮ್ನೆ ಇರಿ. ದೊಡ್ಡ ಮೀನುಗಳು ಕೆಲವನ್ನು ತಿನ್ನುತ್ತವೆ, ಅಡಗಿದ ಕೆಲವು ಉಳಿಯುತ್ತವೆ. ನೋಡಲು ಬೇಸರ ಆಗುತ್ತದೆ ನಿಜ, ಆದರೆ ನೂರು ಮೀನನ್ನು ಕೊಳಕು ನೀರಿನಲ್ಲಿ ಉಸಿರು ಕಟ್ಟಿಸುವುದಕ್ಕಿಂತ ಇದು ಎಷ್ಟೋ ಒಳ್ಳೆಯದು ಎಂದೇ ನನ್ನ ಅಭಿಪ್ರಾಯ.

ಉಳಿಸುವುದೇ ಎಂದಾದರೆ ಬಲೆಗಿಂತ ಸಣ್ಣ ಲೋಟದಲ್ಲಿ ನೀರಿನ ಸಮೇತ ಎತ್ತಿ. ಅಂಗಡಿಯ ಬ್ರೀಡಿಂಗ್ ಬಾಕ್ಸ್ ಮೊದಲ ವಾರಕ್ಕೆ ಪರವಾಗಿಲ್ಲ. ಇಲ್ಲದಿದ್ದರೆ ತರಕಾರಿ ತೊಳೆಯುವ ತೂತಿನ ಪ್ಲಾಸ್ಟಿಕ್ ಬುಟ್ಟಿಯ ಒಳಗೆ ಸೊಳ್ಳೆಪರದೆಯ ಬಟ್ಟೆ ಹೊಲಿದು ಟ್ಯಾಂಕಿನಲ್ಲೇ ತೇಲಿಸಿದರೂ ಆಗುತ್ತದೆ. ಬರೀ ಬುಟ್ಟಿ ಸಾಲದು, ಮರಿಗಳು ಆ ತೂತಿನಲ್ಲಿ ಸಲೀಸಾಗಿ ನುಸುಳುತ್ತವೆ. ಇವೆಲ್ಲ ತಾತ್ಕಾಲಿಕ ಅಷ್ಟೇ. ವಾರ ಕಳೆದ ಮೇಲೆ ಇಪ್ಪತ್ತು, ಇಪ್ಪತ್ತೈದು ಲೀಟರಿನ ಬೇರೆ ಟ್ಯಾಂಕ್ ಅಥವಾ ಅಗಲವಾದ ಟಬ್ ಬೇಕು. ಅದಕ್ಕೆ ಏರ್ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರ್ ಹಾಕಿ, ಹೊಸದಲ್ಲ, ಹಳೆಯ ಟ್ಯಾಂಕಿನಲ್ಲಿ ಓಡಿದ್ದು. ಅದಿಲ್ಲದಿದ್ದರೆ ಹಳೆಯ ಫಿಲ್ಟರಿನ ಒಂದು ತುಂಡು ಸ್ಪಾಂಜ್ ತಂದು ಒಳಗಿಡಿ. ನೀರನ್ನೂ ಹಳೆಯ ಟ್ಯಾಂಕಿನಿಂದಲೇ ತುಂಬಿ.

ನೀರಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ಕರಾವಳಿಯಲ್ಲಿ ಮರಿಗಳ ಕಷ್ಟ ಇಲ್ಲೇ ಶುರುವಾಗುವುದು. ಮಂಗಳೂರಿನ ನಲ್ಲಿಗೆ ತುಂಬೆ ಡ್ಯಾಮಿನಿಂದ ನೇತ್ರಾವತಿ ನೀರು, ಉಡುಪಿಗೆ ಬಜೆಯಿಂದ ಸ್ವರ್ಣಾ ನೀರು ಬರುತ್ತದೆ. ಎರಡಕ್ಕೂ ಕ್ಲೋರಿನ್ ಸೇರಿಸಿರುತ್ತಾರೆ. ದೊಡ್ಡ ಮೀನು ಸ್ವಲ್ಪ ಕ್ಲೋರಿನ್ ತಡೆದುಕೊಂಡರೂ ಮರಿಯ ಕಿವಿರಿಗೆ ಅದು ಆಗುವುದಿಲ್ಲ. ಬಾಲ್ದಿಯಲ್ಲಿ ನೀರು ಹಿಡಿದು ಒಂದು ದಿನ ಪೂರ್ತಿ ತೆರೆದಿಟ್ಟು, ಸಾಧ್ಯವಾದರೆ ಏರ್ ಪಂಪಿನ ಗುಳ್ಳೆಯನ್ನೂ ಹಾಯಿಸಿ, ನಂತರ ಬಳಸಿ. ಅವಸರ ಇದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿ ಹಾಕಿ. ಬಾಲ್ದಿಯ ಬಾಯಿಗೆ ಒಂದು ತೆಳು ಬೈರಾಸು ಮುಚ್ಚಿ, ಮಲೇರಿಯಾ ಡೆಂಗ್ಯೂ ಇರುವ ಊರಿದು, ನಿಂತ ನೀರನ್ನು ವಾರಗಟ್ಟಲೆ ಮರೆತು ಬಿಡುವ ಹಾಗಿಲ್ಲ.

ಬಾವಿ ನೀರಿಗೆ ಕ್ಲೋರಿನ್ ಇಲ್ಲ ಎಂದು ಧೈರ್ಯವಾಗಿ ಸುರಿಯುವವರು ಇನ್ನೊಂದು ನೋಡಬೇಕು. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ, ಹಾಕಿದ ಮೇಲೆ ಹಲವು ದಿನ ಆ ನೀರು ಮೀನಿಗೆ ಬೇಡವೇ ಬೇಡ. ಮತ್ತೆ, ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿ ಗುಣದ್ದು. ಗಪ್ಪಿ, ಮೋಲಿಗೆ ಬೇಕಾದದ್ದು ಗಡಸು ನೀರು, ಪಿಹೆಚ್ 7ರಿಂದ 8ರ ನಡುವೆ. ಮೆದು ನೀರಿನಲ್ಲಿ ಮೋಲಿ ಮರಿಗಳು ರೆಕ್ಕೆ ಮುದುಡಿಕೊಂಡು ನಿಂತಲ್ಲೇ ತೂಗಾಡುತ್ತವೆ. ಇದಕ್ಕೆ ನಮ್ಮಲ್ಲೇ ಮದ್ದಿದೆ. ಮರುವಾಯಿ ಸುಕ್ಕ ಮಾಡಿದ ದಿನ ಖಾಲಿ ಚಿಪ್ಪನ್ನು ಎಸೆಯಬೇಡಿ. ಮಾಂಸದ ಚೂರು, ಎಣ್ಣೆ, ಮಸಾಲೆ ಒಂಚೂರೂ ಉಳಿಯದಂತೆ ಉಜ್ಜಿ ತೊಳೆದು, ಎರಡು ಸಲ ಕುದಿಸಿ, ಬಿಸಿಲಿಗೆ ಒಣಗಿಸಿ, ಐದಾರು ಚಿಪ್ಪನ್ನು ಟ್ಯಾಂಕಿನ ಮೂಲೆಗೆ ಹಾಕಿ. ಅದರ ಸುಣ್ಣ ನಿಧಾನವಾಗಿ ಕರಗಿ ನೀರನ್ನು ಗಡಸು ಮಾಡುತ್ತದೆ. ಒಮ್ಮೆಲೇ ಒಂದು ಸೇರು ಸುರಿಯಬೇಡಿ, ನೀರು ದಿಢೀರ್ ಬದಲಾದರೂ ಮರಿಗೆ ಕಷ್ಟ.

ಆಹಾರಕ್ಕೆ ಬರೋಣ. ಹುಟ್ಟಿದ ಮೊದಲ ವಾರ ದಾಟಿದ ಮೇಲೆ ಮರಿಗಳು ಸಾಯುತ್ತಿದ್ದರೆ ದೊಡ್ಡ ಮೀನನ್ನು ದೂರಬೇಡಿ, ನಾವು ಪ್ರೀತಿಯಿಂದ ಹಾಕಿದ ಜಾಸ್ತಿ ತಿಂಡಿ ಕೆಳಗೆ ಕೊಳೆತು ಅಮೋನಿಯಾ ಆಗಿರುವುದೇ ಹೆಚ್ಚಾಗಿ ಕಾರಣ. ಮರಿಯ ಹೊಟ್ಟೆ ಅದರ ಕಣ್ಣಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ದೊಡ್ಡ ಮೀನಿಗೆ ಹಾಕುವ ಫ್ಲೇಕ್ಸನ್ನೇ ಎರಡು ಬೆರಳ ನಡುವೆ ಮೈದಾದಷ್ಟು ನುಣ್ಣಗೆ ತಿಕ್ಕಿ, ದಿನಕ್ಕೆ ಮೂರ್ನಾಲ್ಕು ಸಲ, ಎರಡು ನಿಮಿಷದಲ್ಲಿ ಖಾಲಿ ಆಗುವಷ್ಟು ಮಾತ್ರ ಉದುರಿಸಿ. ಬೇಯಿಸಿದ ಮೊಟ್ಟೆಯ ಹಳದಿಯೂ ಆಗುತ್ತದೆ: ಸಾಸಿವೆ ಕಾಳಿನಷ್ಟು ತೆಗೆದು, ಬಟ್ಟೆಯಲ್ಲಿ ಕಟ್ಟಿ ಲೋಟದ ನೀರಿನಲ್ಲಿ ಹಿಂಡಿ, ಆ ಹಾಲಿನಂಥ ನೀರನ್ನು ಕೆಲವೇ ಹನಿ ಹಾಕಿ. ಆದರೆ ಇದರಷ್ಟು ಬೇಗ ನೀರು ಕೆಡಿಸುವ ವಸ್ತು ಬೇರೆ ಇಲ್ಲ, ಹಾಗಾಗಿ ದಿನಾ ಬೇಡ. ಒಣ ಮೀನಿನ ಪುಡಿ ಹಾಕಬೇಡಿ, ಅದರ ತುಂಬ ಉಪ್ಪು.

ಎಲ್ಲಕ್ಕಿಂತ ಒಳ್ಳೆಯದು ಆರ್ಟೀಮಿಯಾ, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಸಿಗಡಿಯಂಥ ಪುಟ್ಟ ಜೀವಿ. ಅಂಗಡಿಯಲ್ಲಿ ಅದರ ಮೊಟ್ಟೆ ಪುಡಿಯಂತೆ ಸಿಗುತ್ತದೆ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು ಕರಗಿಸಿ, ಕಾಲು ಚಮಚ ಮೊಟ್ಟೆ ಹಾಕಿ, ಬೆಳಕಿರುವ ಕಡೆ ಇಟ್ಟು ಏರ್ ಪಂಪಿನ ಗುಳ್ಳೆ ಬಿಡಿ. ನಮ್ಮ ಸೆಕೆಗೆ ಒಂದು, ಒಂದೂವರೆ ದಿನದಲ್ಲಿ ಒಡೆದು ಕಿತ್ತಳೆ ಬಣ್ಣದ ಜೀವಗಳು ಹೊರಬರುತ್ತವೆ. ಗಾಳಿ ನಿಲ್ಲಿಸಿದರೆ ಸಿಪ್ಪೆ ಮೇಲೆ ತೇಲುತ್ತದೆ, ಜೀವಗಳು ಕೆಳಗೆ ಸೇರುತ್ತವೆ. ಕೆಳಗಿನದನ್ನು ಮಾತ್ರ ಪೈಪಿನಲ್ಲಿ ಎಳೆದು, ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಿ. ತಿಂದ ಮರಿಗಳ ಹೊಟ್ಟೆ ಕಿತ್ತಳೆಯಾಗಿ ಹೊಳೆಯುವುದು ಬರಿಗಣ್ಣಿಗೇ ಕಾಣುತ್ತದೆ, ಎಷ್ಟು ಚಂದ ಗೊತ್ತಾ!

ದಿನ ಬಿಟ್ಟು ದಿನ ಹತ್ತರಲ್ಲಿ ಒಂದೆರಡು ಪಾಲು ನೀರು ಬದಲಿಸಿ. ಏರ್ ಪಂಪಿನ ಸಪೂರ ಪೈಪಿನಿಂದ ಕೆಳಗಿನ ಕೊಳೆಯನ್ನು ಎಳೆದು ಬಿಳಿ ಬೇಸಿನ್‌ಗೆ ಬಿಡಿ, ನೇರ ಚರಂಡಿಗೆ ಬೇಡ. ಬಿಳಿ ಬೇಸಿನ್‌ನಲ್ಲಿ ತಪ್ಪಿ ಬಂದ ಮರಿ ಕೂಡಲೇ ಕಾಣುತ್ತದೆ.

ಹೀಟರ್ ನಮಗೆ ಬೇಡ, 24ರಿಂದ 28 ಡಿಗ್ರಿ ಇದ್ದರೆ ಇವು ಆರಾಮ. ಏಪ್ರಿಲ್ ಮೇ ತಿಂಗಳಲ್ಲಿ ಟ್ಯಾಂಕನ್ನು ಬಿಸಿಲು ಬೀಳುವ ಕಿಟಕಿಯಿಂದ ಸರಿಸಿ. ಮಳೆಗಾಲದಲ್ಲಿ ಗಾಳಿಮಳೆಗೆ ಕರೆಂಟ್ ಹೋಗಿ ಗಂಟೆಗಟ್ಟಲೆ ಬರದಿದ್ದರೆ ಮೊದಲು ಆಹಾರ ನಿಲ್ಲಿಸಿ, ಒಂದು ದಿನ ಉಪವಾಸವಿದ್ದರೆ ಮರಿಗೆ ಏನೂ ಆಗುವುದಿಲ್ಲ. ಆಗಾಗ ಲೋಟದಲ್ಲಿ ನೀರೆತ್ತಿ ಸ್ವಲ್ಪ ಮೇಲಿನಿಂದ ಅದೇ ಟ್ಯಾಂಕಿಗೆ ಮೆಲ್ಲಗೆ ಸುರಿಯಿರಿ. ಬ್ಯಾಟರಿಯ ಏರ್ ಪಂಪ್ ಒಂದು ಇದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಶ್ಚಿಂತೆ.

ಒಂದು ತಿಂಗಳು, ಒಂದೂವರೆ ತಿಂಗಳಲ್ಲಿ ಮರಿ ದೊಡ್ಡ ಮೀನಿನ ಬಾಯಿಗೆ ಹಿಡಿಸದಷ್ಟು ಬೆಳೆಯುತ್ತದೆ, ಆಗ ಹಳೆಯ ಟ್ಯಾಂಕಿಗೆ ಬಿಡಬಹುದು. ಗಂಡು ಹೆಣ್ಣು ಬೇರೆ ಮಾಡುವ ಸಮಯವೂ ಅದೇ. ಹೊಟ್ಟೆಯ ಕೆಳಗಿನ ರೆಕ್ಕೆ ಬೀಸಣಿಗೆಯಂತೆ ಅಗಲ ಇದ್ದರೆ ಹೆಣ್ಣು, ಕಡ್ಡಿಯಂತೆ ಚೂಪಾಗಿದ್ದರೆ ಗಂಡು. ತಡ ಮಾಡಿದರೆ ಅಣ್ಣ ತಂಗಿಯರೇ ಕೂಡಿ ಮತ್ತೆ ಮರಿ, ಮತ್ತೆ ಮರಿ. ಬೆನ್ನು ಬಾಗಿದವನ್ನು ಮರಿ ಮಾಡಿಸಲು ಇಟ್ಟುಕೊಳ್ಳಬೇಡಿ.

ಜಾಸ್ತಿಯಾದವನ್ನು ತೋಡಿಗೋ ಕೆರೆಗೋ ಹೊಳೆಗೋ ದಯವಿಟ್ಟು ಬಿಡಬೇಡಿ. ಗಪ್ಪಿ, ಮೋಲಿ ನಮ್ಮ ನೆಲದ ಮೀನಲ್ಲ, ಅಮೆರಿಕ ಖಂಡದ ಕಡೆಯಿಂದ ಬಂದವು. ಪಶ್ಚಿಮ ಘಟ್ಟದಿಂದ ಇಳಿದು ಬರುವ ನಮ್ಮ ಹೊಳೆಗಳಲ್ಲಿ ಬೇರೆಲ್ಲೂ ಇಲ್ಲದ ಸಣ್ಣ ಮೀನುಗಳಿವೆ, ಅವುಗಳ ಆಹಾರಕ್ಕೆ, ಮೊಟ್ಟೆಗೆ ಇವು ಬಾಯಿ ಹಾಕುತ್ತವೆ. ಸೊಳ್ಳೆ ಮರಿ ತಿನ್ನಲಿ ಎಂದು ಆರೋಗ್ಯ ಇಲಾಖೆಯವರು ಬಾವಿಗೆ ಗಪ್ಪಿ ಬಿಡುವುದುಂಟು, ಆದರೆ ಮುಚ್ಚಿದ ಬಾವಿಯೂ ಹರಿಯುವ ತೋಡೂ ಒಂದೇ ಅಲ್ಲ. ನಿಮ್ಮದೇ ಅಂಗಳದ ತಾವರೆ ಟಬ್‌ಗೆ ಬಿಡಿ, ಮಳೆಗೆ ತುಂಬಿ ಹೊರಗೆ ಹರಿಯದಂತೆ ನೋಡಿಕೊಳ್ಳಿ. ಇಲ್ಲವೇ ಪರಿಚಯದವರಿಗೆ, ಅಕ್ವೇರಿಯಂ ಅಂಗಡಿಗೆ ಕೊಡಿ, ಹೆಚ್ಚಿನ ಅಂಗಡಿಯವರು ಆರೋಗ್ಯವಾದ ಮೀನನ್ನು ಬೇಡ ಎನ್ನುವುದಿಲ್ಲ. ಕೊಡುವ ಹಿಂದಿನ ದಿನ ಆಹಾರ ಹಾಕಬೇಡಿ. ಕವರಿಗೆ ಮೂರರಲ್ಲಿ ಒಂದು ಪಾಲು ಟ್ಯಾಂಕಿನದೇ ನೀರು, ಉಳಿದದ್ದು ಗಾಳಿ ತುಂಬಿ ಬಿಗಿಯಾಗಿ ಕಟ್ಟಿ, ಬಿಸಿಲು ಏರುವ ಮೊದಲು ತಲುಪಿಸಿ.