ತಾಮ್ರದ ತಗಡಿನಿಂದ ಬಿಸ್ಕ್ ತಟ್ಟೆಗೆ: ಗ್ಲೇಜ್ ಅಡಿಯ ನೀಲಿ ನನಗೆ ಒಲಿದದ್ದು

ಕೊನೆಗೂ ಆಯಿತು. ಕೆತ್ತಿದ ತಾಮ್ರದ ತಗಡಿನಿಂದ ನೀಲಿ ಚಿತ್ರ ತೆಳು ಟಿಶ್ಯೂ ಕಾಗದಕ್ಕೆ, ಟಿಶ್ಯೂನಿಂದ ಬಿಸ್ಕ್‌ಗೆ, ಅಂದರೆ ಒಮ್ಮೆ ಸುಟ್ಟ ಮಣ್ಣಿನ ತಟ್ಟೆಗೆ, ಮೇಲೆ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ. ಇಂಗ್ಲೆಂಡಿನ ಕುಂಬಾರ ಜೋಸಾಯ ಸ್ಪೋಡ್ 1784ರ ಸುಮಾರಿಗೆ ಹಿಡಿದ ದಾರಿಯೇ ಇದು. ಮನೆಯ ಕಿಲ್ನ್‌ನಲ್ಲಿ (ಮಣ್ಣಿನ ಪಾತ್ರೆ ಸುಡುವ ಒಲೆ) ಆಗಲ್ಲ, ಸುಮ್ನೆ ಡಿಜಿಟಲ್ ಡಿಕಾಲ್, ಅಂದರೆ ಮುದ್ರಿಸಿದ ಚಿತ್ರದ ಹಾಳೆ ಹಾಕು ಅಂತ ಇಂಗ್ಲೆಂಡಿನ ಕುಂಬಾರಿಕೆಯ ಊರು ಸ್ಟೋಕ್-ಆನ್-ಟ್ರೆಂಟ್‌ನ ಗೆಳೆಯರೇ ಹೇಳಿದ್ದರು. ಡಿಕಾಲ್‌ನಲ್ಲಿ ನೀಲಿ ಎಲ್ಲ ಕಡೆ ಒಂದೇ. ತಾಮ್ರದ ಅಚ್ಚಿನಲ್ಲಾದರೆ ಕೆತ್ತನೆ ಆಳ ಇದ್ದಲ್ಲಿ ಕಡುನೀಲಿ, ತೇಲಿದ್ದಲ್ಲಿ ತಿಳಿನೀಲಿ. ವಿಲೋ ಮರದ ನೀಲಿ ಚಿತ್ರವಿರುವ ವಿಲೋ ತಟ್ಟೆಯ ಜೀವ ಅದೇ ಅಲ್ವಾ?

ಜಾಸ್ತಿ ಕಾಡಿದ್ದು ಅಚ್ಚಿನ ಬಣ್ಣದಲ್ಲಿರುವ ಎಣ್ಣೆ. ಅಚ್ಚು ಚೆನ್ನಾಗಿ ಕೂರುತ್ತಿತ್ತು, ಗ್ಲೇಜ್ ಮಾತ್ರ ಗೆರೆಗಳ ಮೇಲಿಂದ ಸರಿದು ಗುಳ್ಳೆ ಕಟ್ಟುತ್ತಿತ್ತು. ತಿಂಗಳುಗಟ್ಟಲೆ ತಟ್ಟೆಗಳು ಕಸಕ್ಕೆ ಹೋದವು. ಗ್ಲೇಜ್‌ಗೆ ಮೊದಲಿನ ಸುಡುವಿಕೆಯನ್ನು 600 ಡಿಗ್ರಿಗೆ ನಿಲ್ಲಿಸಿದರೆ ಎಣ್ಣೆ ಪೂರ್ತಿ ಹೋಗುತ್ತಿರಲಿಲ್ಲ. 700ರ ಆಸುಪಾಸಿಗೆ ಏರಿಸಿ, ಗಂಟೆ ಹೊತ್ತು ಹಿಡಿದು, ಗಾಳಿಕಿಂಡಿ ತೆರೆದಿಟ್ಟೆ. ಆಮೇಲೆ 1050ರ ಗ್ಲೇಜ್ ಕನ್ನಡಿಯ ಹಾಗೆ ಕೂತಿತು.

ಟಿಶ್ಯೂಗೆ ಮೆದು ಸೋಪಿನ ನೀರು ಬಳಿಯದಿದ್ದರೆ ನೆನೆಸುವಾಗ ಬಣ್ಣದ ಸಮೇತ ಹರಿಯುತ್ತದೆ. ಸೋಪು ಎಷ್ಟು ಗಟ್ಟಿ ಇರಬೇಕು, ನೀಲಿ ಬಣ್ಣ ಕೊಡುವ ಕೋಬಾಲ್ಟ್‌ಗೆ ಫ್ಲಿಂಟ್ ಕಲ್ಲಿನ ಪುಡಿ ಎಷ್ಟು ಬೆರೆಸಬೇಕು ಅನ್ನೋದನ್ನು ಮಾತ್ರ ನಾನು ಹೇಳಲ್ಲ. ಅಂಚಿನ ಪಟ್ಟಿಯ ಜೋಡಣೆಯೂ ಹಾಗೇ. ಹಳೇ ತಟ್ಟೆಗಳಲ್ಲಿ ಆ ಜೋಡಣೆ ಎಷ್ಟೋ ಸಲ ಎದ್ದು ಕಾಣುತ್ತದೆ, ನನ್ನದರಲ್ಲಿ ಹುಡುಕಬೇಕು.

ನಡುವೆ ಫ್ಲೋ ಬ್ಲೂ (ಹರಡಿದ ನೀಲಿ) ಹುಚ್ಚೂ ಹಿಡಿಯಿತು. ಗ್ಲೇಜ್ ಸುಡುವಾಗ ಸ್ಯಾಗರ್‌ನೊಳಗೆ (ಪಾತ್ರೆಗಳನ್ನು ಇಟ್ಟು ಸುಡುವ ಮಣ್ಣಿನ ಡಬ್ಬಿ) ಪುಟ್ಟ ಬಟ್ಟಲಲ್ಲಿ ಅಮೋನಿಯಂ ಕ್ಲೋರೈಡ್ ಇಟ್ಟರೆ ನೀಲಿ ಗೆರೆಯಾಚೆ ಹರಡುತ್ತದೆ. ಹೊಗೆ ಘಾಟು, ಕರೆಂಟ್ ಕಿಲ್ನ್‌ನ ಕಾಯುವ ತಂತಿಗಳನ್ನೂ ತಿನ್ನುತ್ತದೆ, ಅದಕ್ಕೇ ಅಂಗಳದ ಹಳೇ ಗ್ಯಾಸ್ ಕಿಲ್ನ್‌ನಲ್ಲಿ ಮಾಡಿದೆ. ಒಂದು ಬಟ್ಟಲು ಸೊಗಸಾಗಿ ಬಂತು, ಉಳಿದವು ಬರೀ ನೀಲಿ ಕಲೆ.

ಖರ್ಚು ಸುಮಾರು 600 ಪೌಂಡ್. ತಾಮ್ರ ಅಗ್ಗ, ಕೋಬಾಲ್ಟ್ ಮತ್ತು ಕರೆಂಟ್ ದುಬಾರಿ. ಕೆತ್ತನೆಯ ಹೊತ್ತನ್ನು ಲೆಕ್ಕಕ್ಕೆ ಹಿಡಿದಿಲ್ಲ. ಈಗ ಹತ್ತಕ್ಕೆ ಏಳೆಂಟು ಸರಿಯಾಗಿ ಬರುತ್ತವೆ. ಮುಚ್ಚಳ ಕಳೆದುಹೋದ ಹಳೇ ಟ್ಯೂರೀನ್‌ಗಳಿಗೆ (ಸೂಪ್ ಬಡಿಸುವ ದೊಡ್ಡ ಪಾತ್ರೆ) ಹೊಸ ಮುಚ್ಚಳ ಮಾಡಿಕೊಡುತ್ತೇನೆ, ಒಂದಕ್ಕೆ 90 ಪೌಂಡ್‌ನಷ್ಟು. ಒಳಬದಿಯಲ್ಲಿ ನನ್ನ ಗುರುತು, ಇಸವಿ ಎರಡನ್ನೂ ಗ್ಲೇಜ್ ಅಡಿಯಲ್ಲೇ ಒತ್ತುತ್ತೇನೆ. ಹಳೇದು ಅಂತ ಯಾರೂ ಅದನ್ನು ಮಾರಬಾರದು.