ಹಳೆಯ ಜಿಪ್ಸಿಯ ಕಿಂಗ್‌ಪಿನ್ ಬೇರಿಂಗ್ ಬದಲಾವಣೆ: ನನ್ನ ಅನುಭವ

ನನ್ನ ಬಳಿ ಇರುವುದು 1.3 ಲೀಟರ್ ಪೆಟ್ರೋಲ್ ಎಂಜಿನ್ನಿನ ಹಳೆಯ ಮಾರುತಿ ಜಿಪ್ಸಿ. ಪುಣೆಯಿಂದ ಬೆಳಗಾವಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ವೇಗವು ಗಂಟೆಗೆ 60 ಕಿ.ಮೀ. ದಾಟಿದಾಗ ಸೇತುವೆಯ ಜೋಡಣೆಯ ಮೇಲೋ ಸಣ್ಣ ಗುಂಡಿಯ ಮೇಲೋ ಮುಂದಿನ ಚಕ್ರ ಹಾಯ್ದರೆ ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ವೇಗವನ್ನು ಸಾಕಷ್ಟು ಇಳಿಸಿದ ಮೇಲೆಯೇ ಅದು ನಿಲ್ಲುತ್ತಿತ್ತು. ಇಂಥ ನಡುಕಕ್ಕೆ ಗ್ಯಾರೇಜುಗಳಲ್ಲಿ ಮೊದಲು ಬ್ಯಾಲೆನ್ಸಿಂಗ್, ಆಮೇಲೆ ಅಲೈನ್‌ಮೆಂಟ್, ಕೊನೆಗೆ ಹೊಸ ಸ್ಟೇರಿಂಗ್ ಡ್ಯಾಂಪರ್ ಎಂದು ಒಂದೊಂದಾಗಿ ಹೇಳುತ್ತಾ ಹೋಗುವುದು ರೂಢಿ. ಡ್ಯಾಂಪರ್ ಹೊಸದಾಗಿರುವಷ್ಟು ಕಾಲ ನಡುಕವನ್ನು ಅದುಮಿ ಹಿಡಿಯುತ್ತದೆ, ಸವೆದ ಭಾಗವು ಅದರ ಹಿಂದೆ ಸವೆಯುತ್ತಲೇ ಇರುತ್ತದೆ. ಆದ್ದರಿಂದ ಏನನ್ನೂ ಕೊಳ್ಳುವ ಮೊದಲು ಅಲ್ಲಾಟ ಎಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಅದಕ್ಕೆ ಬೇಕಾದುದು ಒಂದು ಜಾಕ್ ಮತ್ತು ಬ್ರೇಕ್ ಒತ್ತಲು ಒಬ್ಬ ಸಹಾಯಕ. ಚಕ್ರವನ್ನು ನೆಲದಿಂದ ಎತ್ತಿ, ಅದರ ಮೇಲ್ತುದಿ ಮತ್ತು ಕೆಳತುದಿಯನ್ನು ಎರಡೂ ಕೈಗಳಿಂದ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಬೇಕು. ಅಲ್ಲಾಟ ಕಂಡರೆ ಸಹಾಯಕ ಬ್ರೇಕ್ ಒತ್ತಿ ಹಿಡಿದಿರುವಾಗ ಮತ್ತೊಮ್ಮೆ ಅಲ್ಲಾಡಿಸಬೇಕು. ಬ್ರೇಕ್ ಒತ್ತಿದಾಗ ಹಬ್ (ಚಕ್ರ ಕೂರುವ, ಅದರೊಡನೆ ಸುತ್ತುವ ಭಾಗ) ಮತ್ತು ನಕಲ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರದೊಡನೆ ತಿರುಗುವ, ಆಕ್ಸಲಿನ ತುದಿಯ ಭಾಗ) ಒಂದಾಗಿ ಬಿಗಿಯುವುದರಿಂದ, ಆಗ ಅಲ್ಲಾಟ ಮಾಯವಾದರೆ ದೋಷ ವೀಲ್ ಬೇರಿಂಗಿನದು. ಹಾಗೆಯೇ ಉಳಿದರೆ ನಕಲ್ ತಿರುಗುವ ಕೀಲಿನದು. ನನ್ನ ವಾಹನದ ಎಡಭಾಗದಲ್ಲಿ ಅದು ಸ್ಪಷ್ಟವಾಗಿ ಉಳಿಯಿತು, ಬಲಭಾಗದಲ್ಲಿ ಸ್ವಲ್ಪ ಮಾತ್ರ.

ಈ ಕೀಲಿನ ರಚನೆಯನ್ನು ಇಲ್ಲಿ ವಿವರಿಸಬೇಕು. ಗಟ್ಟಿ ಮುಂದಿನ ಆಕ್ಸಲ್ ಇರುವ ಹಲವು ಜೀಪುಗಳಲ್ಲಿ, ಉದಾಹರಣೆಗೆ ರ‍್ಯಾಂಗ್ಲರಿನಲ್ಲಿ, ನಕಲ್ ಮೇಲೊಂದು ಕೆಳಗೊಂದು ಬಾಲ್ ಜಾಯಿಂಟಿನ ಮೇಲೆ ತಿರುಗುತ್ತದೆ. ಸವೆದ ಬಾಲ್ ಜಾಯಿಂಟನ್ನು ಪ್ರೆಸ್ಸಿನಿಂದ ಹೊರಗೆ ಒತ್ತಿ, ಹೊಸದನ್ನು ಒಳಗೆ ಒತ್ತಿ ಕೂರಿಸಿ, ನಟ್ಟುಗಳನ್ನು ಹೇಳಿದ ಬಿಗಿತಕ್ಕೆ ತಂದರೆ ಮುಖ್ಯ ಕೆಲಸ ಮುಗಿದಂತೆ. ಜಿಪ್ಸಿಯದು ಮುಚ್ಚಿದ ನಕಲ್. ಆಕ್ಸಲಿನ ತುದಿಯಲ್ಲಿ ಒಂದು ಪೊಳ್ಳು ಗೋಳವಿದ್ದು, ಅದರ ಮೇಲೆ ನಕಲ್ ಕವಚದಂತೆ ಕೂರುತ್ತದೆ. ಮೇಲಿನಿಂದ ಮತ್ತು ಕೆಳಗಿನಿಂದ ಬರುವ ಎರಡು ಗಿಡ್ಡ ಕಿಂಗ್‌ಪಿನ್ನುಗಳು ಗೋಳದಲ್ಲಿರುವ ಟೇಪರ್ ರೋಲರ್ ಬೇರಿಂಗುಗಳೊಳಗೆ ಇಳಿಯುತ್ತವೆ. ಈ ಬೇರಿಂಗುಗಳ ಮೇಲೆ ಮೊದಲೇ ಹೇರಿರುವ ಒತ್ತಡ, ಅಂದರೆ ಪ್ರೀಲೋಡ್, ನಕಲ್ ತಿರುಗುವುದಕ್ಕೆ ಒಂದು ಅಳತೆಯ ಪ್ರತಿರೋಧವನ್ನು ಕೊಡುತ್ತದೆ. ರಸ್ತೆಯ ಹೊಡೆತಕ್ಕೆ ಚಕ್ರವು ಅಡ್ಡಲಾಗಿ ಅದುರಲು ತೊಡಗಿದಾಗ ಆ ಅದುರನ್ನು ಹುಟ್ಟಿನಲ್ಲೇ ತಡೆಯುವುದು ಬಹುಮಟ್ಟಿಗೆ ಈ ಪ್ರತಿರೋಧವೇ. ಹೀಗಾಗಿ ಹೊಸ ಬೇರಿಂಗ್ ಹಾಕಿ ಪ್ರೀಲೋಡನ್ನು ಅಳೆಯದೆ ಬಿಟ್ಟರೆ ಕೆಲಸ ಅರ್ಧವಷ್ಟೇ ಆಗಿರುತ್ತದೆ.

ಬೇರಿಂಗುಗಳನ್ನೂ ಸೀಲುಗಳನ್ನೂ ಪುಣೆಯ ನಾನಾ ಪೇಠದ ಬಿಡಿಭಾಗಗಳ ಅಂಗಡಿಗಳಲ್ಲಿ ಕೊಂಡೆ. ಹಳೆಯ ಬೇರಿಂಗಿನ ಅಂಚಿನಲ್ಲಿ ಕೊರೆದಿರುವ ಸಂಖ್ಯೆಯನ್ನು ತೋರಿಸಿ ಕೇಳುವುದು ಒಳ್ಳೆಯದು. ವಾಹನದ ಹೆಸರನ್ನಷ್ಟೇ ಹೇಳಿದರೆ ಕೈಗೆ ಬರುವ ಡಬ್ಬಿಯಲ್ಲಿ ಏನಿದೆ ಎಂಬುದು ಅಂಗಡಿಯವನ ನೆನಪನ್ನು ಅವಲಂಬಿಸುತ್ತದೆ. ಒಂದು ಸ್ಪ್ರಿಂಗ್ ತಕ್ಕಡಿ, ಟೈರಾಡ್ ಎಂಡ್ (ಸ್ಟೇರಿಂಗಿನ ಸರಳು ನಕಲಿಗೆ ಸೇರುವ ತುದಿ) ಬಿಡಿಸುವ ಪುಲ್ಲರ್, ವೀಲ್ ಬೇರಿಂಗ್ ನಟ್ಟಿನ ಸಾಕೆಟ್, ಹಿತ್ತಾಳೆಯ ಪಂಚ್ ಮತ್ತು ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಇಟ್ಟು, ಆಕ್ಸಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ನಂತರವೇ ಚಕ್ರ ಬಿಚ್ಚಿದೆ. ಬ್ರೇಕ್ ಕ್ಯಾಲಿಪರನ್ನು ಅದರ ಹೋಸಿಗೆ ಭಾರ ಬೀಳದಂತೆ ತಂತಿಯಿಂದ ಸ್ಪ್ರಿಂಗ್ ಪಟ್ಟಿಗೆ ಕಟ್ಟಿ ತೂಗುಬಿಟ್ಟೆ. ಫ್ರೀವೀಲ್ ಹಬ್, ಸರ್ಕ್ಲಿಪ್, ಬೇರಿಂಗ್ ನಟ್, ಹಬ್ ಮತ್ತು ಡಿಸ್ಕ್, ಸ್ಪಿಂಡಲ್ ಈ ಕ್ರಮದಲ್ಲಿ ಹೊರಬಂದವು. ಡ್ರೈವ್ ಶಾಫ್ಟನ್ನು ಎಳೆಯುವಾಗ ಡಿಫರೆನ್ಷಿಯಲ್ಲಿನ ಎಣ್ಣೆ ಜಿನುಗುವುದರಿಂದ ಕೆಳಗೆ ತಟ್ಟೆ ಇರಬೇಕು. ಟೈರಾಡ್ ಎಂಡನ್ನು ಪುಲ್ಲರಿನಿಂದಲೇ ಬಿಡಿಸಬೇಕು. ಸುತ್ತಿಗೆಯ ಏಟು ನಟ್ಟು ಕೂರುವ ತಿರುಪಿನ ತುದಿಯನ್ನು ಹಾಳುಮಾಡುತ್ತದೆ.

ಗೋಳದ ಹಿಂಭಾಗದ ಸೀಲ್ ಮುಚ್ಚಳವನ್ನು ಬಿಚ್ಚಿದಾಗ ಕಾರಣ ತಿಳಿಯಿತು. ಒಳಗಿನ ಗ್ರೀಸು ನೀರಿನೊಡನೆ ಬೆರೆತು ಕಂದು ಬಣ್ಣದ ಲೋಳೆಯಾಗಿತ್ತು. ಮಳೆಗಾಲದಲ್ಲಿ ತಾಮ್ಹಿಣಿ ಘಾಟಿಯಲ್ಲಿ ರಸ್ತೆಗೆ ಅಡ್ಡವಾಗಿ ಹರಿಯುವ ನೀರನ್ನು ಹಾಯ್ದು ಹೋಗುವ ವಾಹನಕ್ಕೆ ಇದು ಅನಿರೀಕ್ಷಿತವಲ್ಲ: ಗೋಳದ ಹೊರಮೈಗೆ ತುಕ್ಕು ಹಿಡಿದು ಸಣ್ಣ ಕುಳಿಗಳಾಗುತ್ತವೆ, ಆ ಕುಳಿಗಳು ಸೀಲಿನ ತುಟಿಯನ್ನು ಕೊರೆಯುತ್ತವೆ, ಕೊರೆದ ಸೀಲು ಇನ್ನಷ್ಟು ನೀರನ್ನು ಒಳಗೆ ಬಿಡುತ್ತದೆ. ಹೊಸ ಸೀಲ್ ಹಾಕುವ ಮೊದಲು ಗೋಳವನ್ನು ನಯವಾದ ಎಮರಿ ಕಾಗದದಿಂದ ತಾಳ್ಮೆಯಿಂದ ಉಜ್ಜಬೇಕಾದದ್ದು ಇದೇ ಕಾರಣಕ್ಕೆ.

ಕಿಂಗ್‌ಪಿನ್ನುಗಳಿಗೆ ಮೇಲೆ, ಕೆಳಗೆ ಎಂದು ಗುರುತು ಹಾಕಿ, ಅವುಗಳ ಕೆಳಗಿದ್ದ ಶಿಮ್ಮುಗಳನ್ನು (ಅಂತರ ಹೊಂದಿಸುವ ತೆಳು ಲೋಹದ ಬಿಲ್ಲೆಗಳನ್ನು) ಬೇರೆ ಬೇರೆ ಲಕೋಟೆಯಲ್ಲಿಟ್ಟೆ. ಕೆಳಗಿನ ಪಿನ್ ಕಳಚಿ ನಕಲನ್ನು ಹೊರಗೆ ಎಳೆಯುವಾಗ ಬೇರಿಂಗ್ ನೆಲಕ್ಕೆ ಬೀಳುವುದರಿಂದ ಒಂದು ಅಂಗೈಯನ್ನು ಕೆಳಗೆ ಒಡ್ಡಿರಬೇಕು. ಕೆಳಗಿನ ಬೇರಿಂಗಿನ ರೇಸಿನಲ್ಲಿ, ಅಂದರೆ ರೋಲರುಗಳು ಉರುಳುವ ಹೊರಬಳೆಯಲ್ಲಿ, ರೋಲರುಗಳ ಅಂತರಕ್ಕೆ ಸರಿಯಾಗಿ ಉದ್ದುದ್ದ ಗೀರುಗಳು ಬಿದ್ದಿದ್ದವು. ಚಕ್ರದ ಬೇರಿಂಗ್ ಸದಾ ಪೂರ್ತಿ ಸುತ್ತುತ್ತಿರುತ್ತದೆ. ಕಿಂಗ್‌ಪಿನ್ ಬೇರಿಂಗ್ ಸ್ವಲ್ಪವೇ ಅತ್ತಿತ್ತ ತಿರುಗುವುದರಿಂದ, ವಾಹನ ನೇರವಾಗಿ ಓಡುವ ಕಿಲೋಮೀಟರುಗಳ ಉದ್ದಕ್ಕೂ ಹೊಡೆತಗಳೆಲ್ಲ ರೇಸಿನ ಅದೇ ಜಾಗಗಳಿಗೆ ಬೀಳುತ್ತವೆ. ಸ್ಟೇರಿಂಗ್ ಮಧ್ಯದಲ್ಲಿ ಸಿಕ್ಕಿಕೊಂಡಂತೆ ಅನಿಸುತ್ತಿದ್ದದ್ದು ಈ ಗೀರುಗಳಿಂದಲೇ.

ಹಳೆಯ ರೇಸುಗಳನ್ನು ಎದುರು ಬದಿಯಿಂದ ಹಿತ್ತಾಳೆ ಪಂಚಿನಿಂದ ಸುತ್ತಲೂ ಸಮವಾಗಿ ತಟ್ಟಿ ಹೊರತೆಗೆದೆ. ಹೊಸ ರೇಸುಗಳನ್ನು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿ ಇರಿಸಿದ್ದೆ. ಪುಣೆ ಬಳಿಯ ಭೋಸರಿಯಲ್ಲಿ ಲೇತ್ ಕೆಲಸ ಮಾಡುವ ವಿಜಯಪುರದ ಗೆಳೆಯರೊಬ್ಬರು ಹಳೆಯ ರೇಸಿನ ಹೊರಮೈಯನ್ನು ಸ್ವಲ್ಪ ಉಜ್ಜಿ ಕೊಟ್ಟಿದ್ದರು. ಅದನ್ನು ಹೊಸದರ ಮೇಲಿಟ್ಟು ತಟ್ಟಿದರೆ ಹೊಸದು ಓರೆಯಾಗದೆ ಇಳಿಯುತ್ತದೆ, ಹಳೆಯದು ಒಳಗೆ ಸಿಕ್ಕಿಕೊಳ್ಳುವುದೂ ಇಲ್ಲ. ತಳ ಮುಟ್ಟಿದ ಕೂಡಲೇ ಸುತ್ತಿಗೆಯ ಸದ್ದು ಬದಲಾಗುತ್ತದೆ. ‘ಇನ್ನ ಹೊಡಿಬ್ಯಾಡ್ರಿ, ಕುಂತೈತಿ’ ಎಂದು ಅವರೇ ಮೊದಲು ಹೇಳಿದರು.

ಇನ್ನು ಪ್ರೀಲೋಡ್. ಸೀಲ್, ಶಾಫ್ಟ್, ಟೈರಾಡ್ ಯಾವುದನ್ನೂ ಜೋಡಿಸದೆ, ಗ್ರೀಸ್ ತುಂಬಿದ ಬೇರಿಂಗುಗಳೊಂದಿಗೆ ನಕಲನ್ನು ಮಾತ್ರ ಕೂರಿಸಿ ಕಿಂಗ್‌ಪಿನ್ ಬೋಲ್ಟುಗಳನ್ನು ಬಿಗಿಸಬೇಕು. ನಂತರ ಟೈರಾಡ್ ಎಂಡ್ ಕೂರುವ ರಂಧ್ರಕ್ಕೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ನಕಲಿನ ತೋಳಿಗೆ ಲಂಬವಾಗಿ ನಿಧಾನಕ್ಕೆ ಎಳೆದು, ನಕಲ್ ಚಲಿಸಲು ಆರಂಭಿಸುವ ಕ್ಷಣದ ಅಂಕಿಯನ್ನು ಓದಬೇಕು. ಸುಜುಕಿಯ ಕೈಪಿಡಿ ಸೀಲ್ ಇಲ್ಲದ ಸ್ಥಿತಿಯಲ್ಲಿ ಕೊಡುವ ಮಿತಿ 1.0ರಿಂದ 1.8 ಕೆ.ಜಿ. ಹಳೆಯ ಶಿಮ್ಮುಗಳನ್ನೇ ಹಾಕಿದಾಗ ನನಗೆ ಸಿಕ್ಕ ಅಂಕಿ ಅರ್ಧ ಕೆ.ಜಿ.ಯನ್ನೂ ಮುಟ್ಟಲಿಲ್ಲ. ಶಿಮ್ಮನ್ನು ಕಡಿಮೆ ಮಾಡಿದಷ್ಟೂ ಪಿನ್ ಒಳಗಿಳಿದು ಪ್ರೀಲೋಡ್ ಹೆಚ್ಚುತ್ತದೆ. 0.1 ಮಿ.ಮೀ. ಶಿಮ್ ಒಂದನ್ನು ತೆಗೆದು, ಬೇರಿಂಗ್ ತನ್ನ ಜಾಗ ಕಂಡುಕೊಳ್ಳುವಂತೆ ನಕಲನ್ನು ಹಲವು ಸಲ ಅತ್ತಿತ್ತ ತಿರುಗಿಸಿ, ಮತ್ತೆ ಅಳೆದಾಗ ಮುಳ್ಳು 1.5ರ ಹತ್ತಿರ ನಿಂತಿತು. ಗಟ್ಟಿಯಾಗಿದ್ದರೆ ಒಳ್ಳೆಯದೆಂದು ಮಿತಿ ಮೀರಿಸಿದರೆ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ಮಧ್ಯಕ್ಕೆ ಮರಳುವುದಿಲ್ಲ, ಬೇರಿಂಗೂ ಬೇಗ ಸಾಯುತ್ತದೆ. ಬಲಭಾಗಕ್ಕೂ ಇದೇ ಕ್ರಮವನ್ನು ಅನುಸರಿಸಿದೆ. ಎರಡೂ ಬದಿಯ ಅಂಕಿಗಳು ಒಂದಕ್ಕೊಂದು ಹತ್ತಿರವಿರಬೇಕಾದುದರಿಂದ ಒಂದೇ ಬದಿಯ ಬೇರಿಂಗ್ ಬದಲಿಸುವುದನ್ನು ನಾನು ಒಪ್ಪುವುದಿಲ್ಲ.

ಡ್ರೈವ್ ಶಾಫ್ಟಿನ ಸಿವಿ ಜಾಯಿಂಟಿಗೆ (ಚಕ್ರ ಅತ್ತಿತ್ತ ತಿರುಗಿದಾಗಲೂ ಶಕ್ತಿ ಸಾಗಿಸುವ ಕೀಲಿಗೆ) ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಗ್ರೀಸನ್ನೂ ಕಿಂಗ್‌ಪಿನ್ ಮತ್ತು ವೀಲ್ ಬೇರಿಂಗುಗಳಿಗೆ ಲಿಥಿಯಂ ಗ್ರೀಸನ್ನೂ ಬಳಸಿದೆ. ಸೀಲಿನ ಜೊತೆಗಿರುವ ಉಣ್ಣೆಯ ಪಟ್ಟಿಯನ್ನು ಎಣ್ಣೆಯಲ್ಲಿ ನೆನೆಸಿ ಹಾಕಿದೆ. ಉಳಿದ ಜೋಡಣೆ ಬಿಚ್ಚಿದ್ದರ ವಿರುದ್ಧ ಕ್ರಮದಲ್ಲಿ ನಡೆಯಿತು. ಟೈರಾಡ್ ಎಂಡ್ ನಟ್ಟಿಗೆ ಹೊಸ ಕಾಟರ್ ಪಿನ್ ಹಾಕುವುದನ್ನು ಮಾತ್ರ ಯಾರೂ ಬಿಡಬಾರದು. ಆನಂತರ ಟೋ ಅಳತೆಯನ್ನು (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಎಷ್ಟು ಮುಖ ಮಾಡಿವೆ ಎಂಬುದನ್ನು) ಪರೀಕ್ಷಿಸಿ, ಖಂಬಾಟಕಿ ಘಾಟಿಯವರೆಗೆ ಓಡಿಸಿ ನೋಡಿದೆ. ಹಳೆಯ ಡ್ಯಾಂಪರನ್ನೇ ಇಟ್ಟುಕೊಂಡಿದ್ದರೂ 80 ಕಿ.ಮೀ. ವೇಗದಲ್ಲಿ ನಡುಕ ಬರಲಿಲ್ಲ, ಮಧ್ಯದಲ್ಲಿ ಸಿಕ್ಕಿಕೊಳ್ಳುವುದೂ ನಿಂತಿತು.

ಹೊಸ ಬೇರಿಂಗುಗಳು ಸ್ವಲ್ಪ ಓಡಿದ ಮೇಲೆ ಕುಳಿತುಕೊಂಡು ಪ್ರೀಲೋಡ್ ತುಸು ಇಳಿಯುವುದು ಸಹಜ. ಆದ್ದರಿಂದ ಸುಮಾರು 1,000 ಕಿ.ಮೀ. ಆದ ನಂತರ ಚಕ್ರವನ್ನು ಎತ್ತಿ, ಬ್ರೇಕ್ ಒತ್ತಿಸಿಕೊಂಡು ಮತ್ತೆ ಅಲ್ಲಾಡಿಸಿ ನೋಡಬೇಕು, ಕಿಂಗ್‌ಪಿನ್ ಬೋಲ್ಟುಗಳ ಬಿಗಿತವನ್ನೂ ಪರೀಕ್ಷಿಸಬೇಕು. ಪ್ರತಿ ಬದಿಯಲ್ಲಿ ಉಳಿದ ಶಿಮ್ಮುಗಳ ದಪ್ಪವನ್ನೂ ತಕ್ಕಡಿಯ ಅಂಕಿಯನ್ನೂ ವಾಹನದ ಸರ್ವಿಸ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಮಳೆಗಾಲ ಮುಗಿದ ಕೂಡಲೇ ಗೋಳಗಳನ್ನು ಒರೆಸಿ ಸೀಲಿನ ಅಂಚಿನಲ್ಲಿ ಕಂದು ಲೋಳೆ ಕಾಣುತ್ತದೆಯೇ ಎಂದು ನೋಡುವುದನ್ನೂ ಅದೇ ಪುಟದಲ್ಲಿ ಕೆಲಸವಾಗಿ ಸೇರಿಸಿದ್ದೇನೆ.