ಮನೆಯಲ್ಲಿ ಒಬ್ಬರಿಗೆ ಟಿಬಿ ಬಂದರೆ: ತಟ್ಟೆ ಬೇರೆ ಮಾಡಬೇಡಿ, ಕಿಟಕಿ ತೆರೆಯಿರಿ

ಟಿಬಿ ಅಂತ ಗೊತ್ತಾದ ದಿನ ಎಷ್ಟೋ ಮನೆಗಳಲ್ಲಿ ಎರಡು ಕೆಲಸ ತಪ್ಪದೆ ನಡೆಯುತ್ತವೆ. ರೋಗಿಯ ತಟ್ಟೆ, ಲೋಟ ಬೇರೆಯಾಗುತ್ತವೆ. ಹಿಂದಿನ ಕೋಣೆಯಲ್ಲಿ ಹಾಸಿಗೆ ಹಾಸಿ, ಥಂಡಿ ತಾಗದಿರಲಿ ಅಂತ ಕಿಟಕಿ ಮುಚ್ಚುತ್ತಾರೆ. ಮೊದಲನೆಯದು ಬೇಕಿಲ್ಲ, ಎರಡನೆಯದು ಅಪಾಯ. ತಟ್ಟೆ, ಬಟ್ಟೆ, ಕೈ ಮುಟ್ಟುವುದು, ಇವುಗಳಿಂದ ಟಿಬಿ ಹರಡುವುದಿಲ್ಲ. ಕೆಮ್ಮಿದಾಗ, ಜೋರಾಗಿ ಮಾತಾಡಿದಾಗ ಬರುವ ಕಣ್ಣಿಗೆ ಕಾಣದ ಹನಿಗಳಲ್ಲಿ ಬ್ಯಾಕ್ಟೀರಿಯಾ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಅವು ಗಂಟೆಗಟ್ಟಲೆ ತೇಲುತ್ತಿರುತ್ತವೆ. ಊಟ ಕೊಡಲು ಒಳಗೆ ಹೋದವರು ಅದೇ ಗಾಳಿ ಉಸಿರಾಡುತ್ತಾರೆ.

ಹಂತ 1: ಯಾವ ಸೋಂಕು ಅಂತ ಕೇಳಿ

ಬಹಳ ಕಾಲ ಕಾಡುವ ಶ್ವಾಸಕೋಶದ ಸೋಂಕೆಲ್ಲ ಮನೆಯವರಿಗೆ ಅಂಟುವುದಿಲ್ಲ. ಬ್ರಾಂಕಿಯೆಕ್ಟೇಸಿಸ್ (ಶ್ವಾಸನಾಳಗಳು ಹಿಗ್ಗಿ ಕಫ ಕಟ್ಟುವ ಕಾಯಿಲೆ) ಇರುವವರ ಎದೆಯಲ್ಲಿ ಸೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಬೀಡುಬಿಟ್ಟಿರಬಹುದು. ಶ್ವಾಸಕೋಶ ಚೆನ್ನಾಗಿರುವ ಮನೆಮಂದಿಗೆ ಅದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಕುತ್ತಿಗೆಯ ಗಂಟಿನ ಟಿಬಿ, ಮೂಳೆಯ ಟಿಬಿ ಕೂಡ ಸಾಮಾನ್ಯವಾಗಿ ಹರಡುವುದಿಲ್ಲ. ಎಚ್ಚರ ಬೇಕಿರುವುದು ಶ್ವಾಸಕೋಶದ ಟಿಬಿಗೆ. ಕೆಮ್ಮು 2 ವಾರ ದಾಟಿತಾ? ಸಿರಪ್ ಬದಲಿಸುತ್ತಾ ಕೂರಬೇಡಿ, ಕಫ ಪರೀಕ್ಷೆ ಮಾಡಿಸಿ. ಡಬ್ಬಿಗೆ ಎಂಜಲು ಉಗಿದರೆ ಪ್ರಯೋಜನವಿಲ್ಲ. ಎದೆಯಾಳದಿಂದ ಕೆಮ್ಮಿದ ಕಫವೇ ಬೇಕು.

ಹಂತ 2: ಮಾತ್ರೆ ಶುರು ಮಾಡಿ

ಅದೇ ದಿನ ಆದರೆ ಒಳ್ಳೆಯದು. ಮಾತ್ರೆ ಹಿಡಿದರೆ ಸುಮಾರು 2 ವಾರದಲ್ಲಿ ಹರಡುವ ಶಕ್ತಿ ಬಹಳ ಕುಗ್ಗುತ್ತದೆ. ಔಷಧಕ್ಕೆ ಬಗ್ಗದ ಟಿಬಿ ಆದರೆ ಲೆಕ್ಕ ಬೇರೆ, ವೈದ್ಯರನ್ನೇ ಕೇಳಿ. ಮೂತ್ರ ಕೆಂಪು-ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ. ಸಾಮಾನ್ಯ ಟಿಬಿಗೆ 6 ತಿಂಗಳ ಮಾತ್ರೆ. ಎರಡನೇ ತಿಂಗಳಿಗೆ ಮೈ ಹಗುರಾಯಿತು ಅಂತ ನಿಲ್ಲಿಸುವವರಿದ್ದಾರೆ. ದಯವಿಟ್ಟು ನಿಲ್ಲಿಸಬೇಡಿ.

ಹಂತ 3: ಕೋಣೆಯ ಗಾಳಿ ಹೊರಗೆ ಹೋಗಬೇಕು

ಎಲ್ಲರೂ ಎಡವುವುದು ಇಲ್ಲೇ. ಕಿಟಕಿ ತೆರೆದರಷ್ಟೇ ಸಾಲದು, ಗಾಳಿ ಯಾವ ಕಡೆ ಹರಿಯುತ್ತಿದೆ ಅಂತ ಗೊತ್ತಿರಬೇಕು. ರೋಗಿ ಹೊರಗೆ ಕೂತಿರುವಾಗ ಒಂದು ಊದುಬತ್ತಿ ಹಚ್ಚಿ. ಕೋಣೆಯ ಬಾಗಿಲಲ್ಲಿ, ಎದೆಮಟ್ಟಕ್ಕೆ, ಅಲುಗಾಡದಂತೆ ಹಿಡಿಯಿರಿ. ಹೊಗೆಯ ಎಳೆ ಒಳಗೆ ವಾಲಿ ಕಿಟಕಿಯತ್ತ ಸಾಗಿದರೆ ಸರಿ. ಆ ಕಿಟಕಿಯ ಪಕ್ಕಕ್ಕೇ ಮಂಚ ಎಳೆಯಿರಿ. ಎಳೆ ನಡುಮನೆಯತ್ತ ತಿರುಗಿದರೆ ರೋಗಿಯ ಉಸಿರು ಎಲ್ಲರೂ ಕೂರುವ ಜಾಗಕ್ಕೇ ಬರುತ್ತಿದೆ ಅಂತ ಅರ್ಥ. ಆಗ ಟೇಬಲ್ ಫ್ಯಾನನ್ನು ಕಿಟಕಿಗೆ ಮುಖ ಮಾಡಿ ಇಡಿ, ಗಾಳಿಯನ್ನು ಹೊರಗೆ ತಳ್ಳಲಿ. ಮತ್ತೆ ಊದುಬತ್ತಿ ಹಿಡಿದು ನೋಡಿ. ಬೆಳಗಿನ ಗಾಳಿ ಸಂಜೆಗೆ ದಿಕ್ಕು ಬದಲಿಸಬಹುದು, ಎರಡು ಹೊತ್ತೂ ನೋಡಿ. ಆದ ಮೇಲೆ ಊದುಬತ್ತಿ ಆರಿಸಿ, ಕೆಮ್ಮುವವರ ಕೋಣೆಗೆ ಹೊಗೆ ಬೇಡ.

ಕಿಟಕಿ ಮುಚ್ಚಿ ಸೀಲಿಂಗ್ ಫ್ಯಾನ್ ಹಾಕಿದರೆ ಇದ್ದ ಗಾಳಿಯೇ ಸುತ್ತುತ್ತದೆ. ಸ್ಪ್ಲಿಟ್ ಎಸಿ ಮಾಡುವುದೂ ಅಷ್ಟೇ. ಸೊಳ್ಳೆಗೆ ಕಿಟಕಿಗೆ ಜಾಲರಿ ಹೊಡೆಸಿ, ಪರದೆ ಎಳೆಯಬೇಡಿ. ಬಿಸಿಲು ಬರುವ ಕೋಣೆಯಿದ್ದರೆ ಅದನ್ನೇ ಕೊಡಿ, ಬಿಸಿಲಿಗೆ ಈ ಬ್ಯಾಕ್ಟೀರಿಯಾ ಸಾಯುತ್ತದೆ. ಸಾಂಬ್ರಾಣಿ, ಕರ್ಪೂರ, ರೂಮ್ ಸ್ಪ್ರೇಗೆ ಸುಮ್ನೆ ದುಡ್ಡು ಸುರಿಯಬೇಡಿ.

ವಠಾರದ ಒಂದೇ ಕೋಣೆಯ ಮನೆ ಆದರೆ? ಹಗಲು ರೋಗಿ ಜಗಲಿಯಲ್ಲೋ ತಾರಸಿಯಲ್ಲೋ ಇರಲಿ. ರಾತ್ರಿ ಗಾಳಿ ಹೊರಹೋಗುವ ಕಿಟಕಿ ರೋಗಿಗೆ, ಅಲ್ಲಿಂದ ಆದಷ್ಟು ದೂರದ ಮೂಲೆ ಮಕ್ಕಳಿಗೆ. ಮೊದಲ ವಾರಗಳಲ್ಲಿ ಮನೆಯೊಳಗೆ ರೋಗಿ ಮಾಸ್ಕ್ ಹಾಕಲಿ.

ಹಂತ 4: ಕಫ

ಮುಚ್ಚಳವಿರುವ ಡಬ್ಬಿಯಲ್ಲಿ ಬ್ಲೀಚಿಂಗ್ ಪೌಡರ್ ಕದಡಿದ ನೀರು ಇಟ್ಟು ಅದಕ್ಕೇ ಉಗಿಯಬೇಕು. ಆಮೇಲೆ ಕಕ್ಕಸಿಗೆ ಸುರಿಯಿರಿ. ಪರಿಮಳದ ಫಿನಾಯಿಲ್ ನಂಬಬೇಡಿ.

ಹಂತ 5: ಉಳಿದವರ ಪರೀಕ್ಷೆ

ರೋಗಿಯನ್ನು ಮನೆಯಿಂದ ಹೊರಗಿಟ್ಟರೆ ಉಳಿದವರು ಬಚಾವು ಅಂದುಕೊಳ್ಳುತ್ತಾರೆ. 1950ರ ದಶಕದಲ್ಲಿ ಮದ್ರಾಸಿನಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದರು. ಕೆಲವರಿಗೆ ಸ್ಯಾನಟೋರಿಯಂನಲ್ಲಿ (ಟಿಬಿ ರೋಗಿಗಳನ್ನು ತಿಂಗಳುಗಟ್ಟಲೆ ಇರಿಸಿಕೊಳ್ಳುವ ಆಸ್ಪತ್ರೆ), ಕೆಲವರಿಗೆ ಮನೆಯಲ್ಲೇ ಚಿಕಿತ್ಸೆ. ಮನೆಯಲ್ಲೇ ಮಾತ್ರೆ ತಿಂದವರ ಕುಟುಂಬಗಳಲ್ಲಿ ಟಿಬಿ ಹೆಚ್ಚಾಗಲಿಲ್ಲ. ಹರಡುವುದು ಬಹುಪಾಲು ರೋಗ ಗೊತ್ತಾಗುವ ಮೊದಲೇ ಹರಡಿರುತ್ತದೆ. ಹಾಗಾಗಿ ಪರೀಕ್ಷೆ ಮನೆಯಲ್ಲಿರುವ ಎಲ್ಲರಿಗೂ ಆಗಬೇಕು. ರೋಗ ಇಲ್ಲ ಅಂತ ಖಚಿತವಾದರೆ, ಬಾರದಂತೆ ತಡೆಯುವ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. ನನ್ನನ್ನು ಕೇಳಿದರೆ, 5 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಒಂದು ವಾರವೂ ತಡಮಾಡಬಾರದು. ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಸರ್ಕಾರದ ಟಿಬಿ ಸಹಾಯವಾಣಿ 1800-11-6666ಕ್ಕೆ ಫೋನ್ ಮಾಡಿ.

ಊಟವೂ ಔಷಧವೇ. ಮಂಗಳೂರಿನ ಯೆನೆಪೊಯ ವೈದ್ಯಕೀಯ ಕಾಲೇಜಿನ ವೈದ್ಯ ದಂಪತಿ ಅನುರಾಗ್ ಮತ್ತು ಮಾಧವಿ ಭಾರ್ಗವ ಜಾರ್ಖಂಡಿನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಮನೆಯವರಿಗೂ ತಿಂಗಳಿಗೆ ತಲಾ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟಿದ್ದರು. ಅವರಲ್ಲಿ ಟಿಬಿ 39% ಕಡಿಮೆಯಾಯಿತು. ರೋಗಿಗೆ ಮಾತ್ರ ಮೊಟ್ಟೆ ಬೇಯಿಸಿ ಉಳಿದವರು ತಿಳಿಸಾರಲ್ಲಿ ಮುಗಿಸುವ ಪದ್ಧತಿ ಬಿಡಿ.

ಟಿಬಿ ಬಂದಿರುವುದು ಎಳೆ ಮಗುವಿನ ತಾಯಿಗಾದರೆ ಎದೆಹಾಲು ಬಿಡಿಸಬೇಡಿ. ಹಾಲಿನಿಂದ ಟಿಬಿ ಹರಡುವುದಿಲ್ಲ. ಕಿಟಕಿ ಪಕ್ಕ ಕೂತು, ಮಾಸ್ಕ್ ಹಾಕಿಕೊಂಡು ಕುಡಿಸಲಿ. ಮಗುವಿನ ಪರೀಕ್ಷೆ, ಮಾತ್ರೆ ಎರಡರ ಬಗ್ಗೆಯೂ ಅವತ್ತೇ ವೈದ್ಯರನ್ನು ಕೇಳಿ.